ಓದುಗರ ಪ್ರಶ್ನೆ: ನಸುಕಿನ ಟೇಕಾಫ್, ನಿದ್ದೆಗಣ್ಣಿನ ಪೈಲಟ್

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಪೈಲಟ್‌ಗಳ ಆಯಾಸದ ಬಗ್ಗೆ, ವಿಮಾನ ಹೊರಡುವ ಹೊತ್ತಿನಲ್ಲಿ ಆಗುವ ದಾರಿ ತಪ್ಪುಗಳ ಬಗ್ಗೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ರಾತ್ರಿ ಪಾಳಿ ಮಾಡುವ ಬಸ್ ಡ್ರೈವರ್‌ಗಳಿದ್ದಾರೆ, ನರ್ಸ್‌ಗಳಿದ್ದಾರೆ. ಪೈಲಟ್‌ಗಳ ಆಯಾಸಕ್ಕೆ ಮಾತ್ರ ಯಾಕಿಷ್ಟು ಸದ್ದು? ಬೆಳಿಗ್ಗೆ ಆರರ ವಿಮಾನದ ಪೈಲಟ್ ರಾತ್ರಿಯೆಲ್ಲ ಮಲಗಿಯೇ ಬಂದಿರುತ್ತಾರಲ್ಲ? (ದಾವಣಗೆರೆಯ ಓದುಗರು)

ಉತ್ತರ: ಬಸ್ ಡ್ರೈವರ್ ದಣಿವು ಕಡಿಮೆಯದೇನಲ್ಲ. ವಿಮಾನದಲ್ಲಿ ಪ್ರತಿ ಮಾತನ್ನೂ ದಾಖಲಿಸುವ ಪೆಟ್ಟಿಗೆ ಇರುವುದರಿಂದ ಅಲ್ಲಿನ ದಣಿವು ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಆರು ಗಂಟೆಯ ವಿಮಾನದ ಲೆಕ್ಕ ಹಾಕಿ ನೋಡಿ. ದೇಶದೊಳಗಿನ ಹಾರಾಟಕ್ಕೆ ಪೈಲಟ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು, ಅಂದರೆ ಐದಕ್ಕೆ ಡ್ಯೂಟಿಗೆ ಹಾಜರಾಗಬೇಕು. ಮನೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿದ್ದರೆ ದೇವನಹಳ್ಳಿಗೆ ಹೋಗಲು ಮೂರೂವರೆಗೆ ಕ್ಯಾಬ್ ಹತ್ತಬೇಕು. ಸ್ನಾನ, ಯೂನಿಫಾರ್ಮ್ ಅಂತ ಎರಡೂ ಮುಕ್ಕಾಲಿಗೆ ಏಳಬೇಕು. ಏಳು ಗಂಟೆ ನಿದ್ದೆ ಬೇಕೆಂದರೆ ಹಿಂದಿನ ಸಂಜೆ ಏಳೂ ಮುಕ್ಕಾಲಿಗೆ ಕಣ್ಣು ಮುಚ್ಚಿರಬೇಕು. ತೊಡಕು ಇರುವುದು ಇಲ್ಲೇ. ರೂಢಿಯ ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆ ದೇಹ ಅತಿ ಎಚ್ಚರವಾಗಿರುತ್ತದೆ. ಹಾಸಿಗೆಯಲ್ಲಿ ಬಿದ್ದುಕೊಳ್ಳಬಹುದು, ನಿದ್ದೆ ಬರುವುದಿಲ್ಲ. ಹತ್ತಕ್ಕೆ ಜೊಂಪು ಹತ್ತಿದರೆ ಸಿಕ್ಕಿದ್ದು ಐದು ಗಂಟೆಗೂ ಕಡಿಮೆ. ಇಂಥ ನಸುಕಿನ ಡ್ಯೂಟಿ ಸತತ ಮೂರು ದಿನ ಬಂತೆಂದರೆ ನಿದ್ದೆಯ ಸಾಲ ಆರೇಳು ಗಂಟೆಗೆ ಏರುತ್ತದೆ. ಅದನ್ನು ಒಂದು ಕಪ್ ಕಾಫಿ ತೀರಿಸುವುದಿಲ್ಲ.

ದೇಹದ ಗಡಿಯಾರವೂ ಇದಕ್ಕೆ ಸೇರುತ್ತದೆ. ಬೆಳಗಿನ ಜಾವ 2ರಿಂದ 6ರವರೆಗೆ ದೇಹದ ಉಷ್ಣತೆ ಇಳಿದು ಬುದ್ಧಿ ಮಂದವಾಗುತ್ತದೆ. ಅದರ ಹಿಂದಿನ ರಾತ್ರಿ ಎಷ್ಟೇ ಚೆನ್ನಾಗಿ ಮಲಗಿದ್ದರೂ ಈ ಇಳಿತ ತಪ್ಪದು. ಇನ್ನೊಂದು ಅಳತೆಗೋಲು: 17 ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟು ಕುಗ್ಗುತ್ತದೆ ಎಂದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಮ್ಮಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ.

ಪ್ರಶ್ನೆ: ಟೇಕಾಫ್ ಮಾಡುವಾಗ ಯಾರಿಗೂ ತೂಕಡಿಕೆ ಬರುವುದಿಲ್ಲ. ಹಾಗಿರುವಾಗ ಹೊರಡುವ ಹೊತ್ತಿನ ತಪ್ಪಿಗೂ ಆಯಾಸಕ್ಕೂ ಏನು ಸಂಬಂಧ? (ಶಿವಮೊಗ್ಗ, ಹುಬ್ಬಳ್ಳಿಯ ಓದುಗರು)

ಉತ್ತರ: ನಿಜ, ಎಂಜಿನ್ ಗರ್ಜಿಸುತ್ತ ರನ್‌ವೇ ಹಿಂದಕ್ಕೆ ಓಡುವಾಗ ಯಾರೂ ತೂಕಡಿಸುವುದಿಲ್ಲ. ತಪ್ಪು ಆಗಿರುವುದು ಅದಕ್ಕೆ ನಲವತ್ತು ನಿಮಿಷ ಮೊದಲು, ಗೇಟಿನಲ್ಲಿ ಕೂತು ಕೀಲಿಮಣೆ ಒತ್ತುವಾಗ. ಅದು ಬಯಲಾಗುವುದು ನೆಲ ಬಿಟ್ಟ ಮೇಲೆ.

ಏರ್‌ಬಸ್ 320 ಕಾಕ್‌ಪಿಟ್ಟನ್ನೇ ನೋಡೋಣ. ಇಬ್ಬರು ಪೈಲಟ್‌ಗಳ ನಡುವಿನ ಕಟ್ಟೆಯ ಮೇಲೆ ಪುಟ್ಟ ಪರದೆ, ಕೀಲಿಗಳಿರುವ ಎರಡು ಪೆಟ್ಟಿಗೆಗಳಿರುತ್ತವೆ. ಹಾರಾಟದ ದಾರಿಯನ್ನು ಕಂಪ್ಯೂಟರಿಗೆ ತುಂಬುವುದು ಇಲ್ಲಿಂದಲೇ. ಮೊದಲು 28 ದಿನಕ್ಕೊಮ್ಮೆ ಬದಲಾಗುವ ದಾರಿಗಳ ದತ್ತಾಂಶ ಚಾಲ್ತಿಯಲ್ಲಿದೆಯೇ ಎಂದು ನೋಡುತ್ತಾರೆ. ಆಮೇಲೆ ಹೊರಡುವ ಊರು, ಸೇರುವ ಊರು, ವಿಮಾನದ ಸಂಖ್ಯೆ. ಬಳಿಕ ರನ್‌ವೇ, ಅದಕ್ಕೆ ಹೊಂದುವ ‘ಸಿಡ್’, ಅಂದರೆ ನೆಲ ಬಿಟ್ಟ ಮೇಲೆ ಎಲ್ಲಿ ತಿರುಗಬೇಕು, ಯಾವ ಬಿಂದುವನ್ನು ಎಷ್ಟು ಎತ್ತರದಲ್ಲಿ ದಾಟಬೇಕು ಎಂಬ ನಿಗದಿತ ನಿರ್ಗಮನ ದಾರಿ. ಕೊನೆಗೆ ವಿಮಾನದ ತೂಕ, ಇಂಧನ, ಟೇಕಾಫ್ ವೇಗಗಳು. ಒಬ್ಬರು ತುಂಬಬೇಕು, ಇನ್ನೊಬ್ಬರು ಸ್ವತಂತ್ರವಾಗಿ ತಾಳೆ ನೋಡಬೇಕು.

ಸಿಡ್‌ಗಳ ಹೆಸರಿನಲ್ಲೇ ಒಂದು ಬಲೆ ಇದೆ. ಸಾಮಾನ್ಯವಾಗಿ ಒಂದು ಬಿಂದುವಿನ ಹೆಸರು, ಒಂದು ಅಂಕಿ, ಒಂದು ಅಕ್ಷರ. ಒಂದೇ ಬಿಂದುವಿಗೆ ಹೋಗುವ ನಾಲ್ಕು ದಾರಿಗಳಿದ್ದರೆ ಹೆಸರುಗಳ ವ್ಯತ್ಯಾಸ ಆ ಕೊನೆಯ ಅಕ್ಷರದಲ್ಲಿ ಮಾತ್ರ. ನಿನ್ನೆ, ಮೊನ್ನೆ, ಅದರ ಹಿಂದಿನ ದಿನ ‘ಎ’ ಸಿಕ್ಕಿತ್ತು, ಇವತ್ತು ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ‘ಬಿ’ ಎಂದರೆ ದಣಿದ ಕಿವಿಗೆ ಕೇಳುವುದು ‘ಎ’ಯೇ. ಹಾಗೆ ಕೇಳಿಸಿಕೊಂಡವರು ಅದನ್ನೇ ಮರುನುಡಿಯುತ್ತಾರೆ. ಕಂಟ್ರೋಲರೂ ದಣಿದಿದ್ದು ಗಮನಿಸದಿದ್ದರೆ ತಪ್ಪು ಗಟ್ಟಿಯಾಗಿ ಕೂತುಬಿಟ್ಟಿತು.

ಇನ್ನೊಂದು ಬಲೆ, ಕೊನೆ ಗಳಿಗೆಯ ರನ್‌ವೇ ಬದಲಾವಣೆ. ಗಾಳಿ ತಿರುಗಿತು, ಟ್ಯಾಕ್ಸಿ ಮಾಡುತ್ತಿರುವಾಗಲೇ, ಅಂದರೆ ವಿಮಾನ ನೆಲದ ಮೇಲೆ ಉರುಳುತ್ತ ರನ್‌ವೇ ಕಡೆಗೆ ಹೋಗುತ್ತಿರುವಾಗಲೇ, ಬೇರೆ ರನ್‌ವೇ ಕೊಟ್ಟರು ಅನ್ನಿ. ರನ್‌ವೇ ಮಾತ್ರ ಬದಲಿಸಿದರೆ ಸಾಲದು. ಸಿಡ್ ಮತ್ತೆ ಆರಿಸಬೇಕು, ದಾರಿಯ ನಡುವೆ ತುಂಡಾದ ಕೊಂಡಿ ಉಳಿದಿದೆಯೇ ನೋಡಬೇಕು, ಟೇಕಾಫ್ ವೇಗ ಮತ್ತು ಎಂಜಿನ್ ಶಕ್ತಿಯನ್ನು ಹೊಸ ಉದ್ದಕ್ಕೆ ಲೆಕ್ಕ ಹಾಕಬೇಕು, ಮೊದಲ ಎತ್ತರ ಮತ್ತೆ ಕೇಳಬೇಕು, ಬ್ರೀಫಿಂಗ್‌ನ ಬದಲಾದ ಭಾಗವನ್ನು ಮತ್ತೆ ಹೇಳಬೇಕು. ನಿಂತು ಮಾಡಿದರೆ ಮೂರ್ನಾಲ್ಕು ನಿಮಿಷದ ಕೆಲಸ. ಹಿಂದೆ ಐದು ವಿಮಾನ ಸಾಲುಗಟ್ಟಿರುವಾಗ ‘ಒಂದು ನಿಮಿಷ ಕೊಡಿ’ ಎನ್ನಲು ನಾಲಿಗೆ ಏಳುವುದಿಲ್ಲ. ನಮ್ಮ ಅನಿಸಿಕೆಯಲ್ಲಿ ಆಯಾಸ ಮೊದಲು ಕಿತ್ತುಕೊಳ್ಳುವುದು ಆ ಒಂದು ವಾಕ್ಯವನ್ನೇ.

ಚೆಕ್‌ಲಿಸ್ಟ್ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ದಣಿದವರ ಬಾಯಲ್ಲಿ ಅದು ಗಿಳಿಪಾಠ. ಕಣ್ಣು ಅಂಕಿಯ ಮೇಲಿರುತ್ತದೆ, ಬಾಯಿ ‘ಚೆಕ್ಡ್’ ಎನ್ನುತ್ತದೆ, ನಡುವಿನ ಮಿದುಳು ಮಾತ್ರ ಕೆಲಸ ಮಾಡಿರುವುದಿಲ್ಲ.

ಪ್ರಶ್ನೆ: ಒಂದು ಅಂಕಿ ತಪ್ಪು ಒತ್ತಿದ್ದಕ್ಕೆ ಇಡೀ ವಿಮಾನ ಬೇರೆ ಊರಿಗೆ ಹೋಯಿತು ಎಂದು ಕೇಳಿದ್ದೆ. ಜಿಪಿಎಸ್ ಇರುವ ಕಾಲದಲ್ಲೂ ಅದು ಸಾಧ್ಯವೇ? (ಮೈಸೂರಿನ ಓದುಗರು)

ಉತ್ತರ: ನೀವು ಕೇಳಿದ್ದು ಬಹುಶಃ 2015ರ ಮಾರ್ಚ್ 10ರ ಏರ್‌ಏಷ್ಯಾ ಎಕ್ಸ್ ಘಟನೆ. ಸಿಡ್ನಿಯಿಂದ ಕ್ವಾಲಾಲಂಪುರಕ್ಕೆ ಹೊರಟ ಏರ್‌ಬಸ್ 330. ಹೊರಡುವ ಮೊದಲು ವಿಮಾನದ ಚಲನೆಯಿಂದಲೇ ಅದು ಎಲ್ಲಿದೆ ಎಂದು ಲೆಕ್ಕ ಹಾಕುವ ಯಂತ್ರಗಳಿಗೆ ‘ನೀನೀಗ ಇಲ್ಲಿದ್ದೀಯ’ ಎಂದು ಅಕ್ಷಾಂಶ ರೇಖಾಂಶ ಹೇಳಿಕೊಡಬೇಕು. ಗೇಟಿನ ಮುಂದಿನ ಫಲಕದಲ್ಲಿ ಅವು ಬರೆದಿರುತ್ತವೆ. ರೇಖಾಂಶ 151 ಡಿಗ್ರಿ 9.8 ನಿಮಿಷ ಪೂರ್ವ. ಒತ್ತಬೇಕಿದ್ದದ್ದು 15109.8. ಒತ್ತಿದ್ದು 01519.8. ಅಂಕಿಗಳ ಗುಂಪು ನೋಡಲು ಎಷ್ಟು ಒಂದೇ ಥರ ಇದೆ ಗಮನಿಸಿ. ಯಂತ್ರ ಓದಿಕೊಂಡಿದ್ದು 15 ಡಿಗ್ರಿ 19.8 ನಿಮಿಷ ಎಂದು, ಅಂದರೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಪಶ್ಚಿಮಕ್ಕಿರುವ ಕಡಲು. ವ್ಯತ್ಯಾಸ 11,000 ಕಿಲೋಮೀಟರಿಗೂ ಹೆಚ್ಚು.

ಅಂದು ಕೆಲಸದ ಹಂಚಿಕೆಯೂ ಅದಲುಬದಲಾಗಿತ್ತು. ಕ್ಯಾಪ್ಟನ್‌ಗೆ ಕಿವಿ ರಕ್ಷಕ ಸಿಗದೆ, ವಿಮಾನದ ಸುತ್ತ ನಡೆದು ನೋಡುವ ಕೆಲಸಕ್ಕೆ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಇಳಿದರು. ಅವರ ಪಾಲಿನ ಕಾಕ್‌ಪಿಟ್ ತಯಾರಿಯನ್ನು ಕ್ಯಾಪ್ಟನ್ ಮಾಡಿದರು. ದಿನವೂ ಮಾಡುವ ಕ್ರಮ ಹೀಗೆ ಮುರಿದಾಗಲೇ ತಪ್ಪಿಗೆ ಬಾಗಿಲು ತೆರೆಯುವುದು. ಏನೋ ಸರಿಯಿಲ್ಲ ಎಂಬ ಸೂಚನೆಗಳು ನೆಲದ ಮೇಲೇ ಬಂದಿದ್ದವು, ಯಾರ ಮನಸ್ಸಿಗೂ ಹತ್ತಲಿಲ್ಲ. 16ಆರ್ (ಆರ್ ಅಂದರೆ ಜೋಡಿ ರನ್‌ವೇಗಳಲ್ಲಿ ಬಲಗಡೆಯದು) ರನ್‌ವೇ ಬಿಟ್ಟು ಆಟೊಪೈಲಟ್ ಹಾಕಿದೊಡನೆ ವಿಮಾನ ಎಡಕ್ಕೆ, ಪಕ್ಕದ ಸಮಾನಾಂತರ ರನ್‌ವೇಯಿಂದ ಹೊರಡುವ ವಿಮಾನಗಳ ದಾರಿಯ ಕಡೆಗೆ ತಿರುಗಿತು. ಹಾರಾಟದಲ್ಲೇ ಸರಿಪಡಿಸಲು ಹೋಗಿ ಇನ್ನಷ್ಟು ಉಪಕರಣ ಕೈಕೊಟ್ಟವು. ಸಿಡ್ನಿಯಲ್ಲಿ ಮೋಡ ಕವಿದು ಬರಿಗಣ್ಣಿನಿಂದ ಇಳಿಯಲು ಆಗದೆ, ಹವೆ ತಿಳಿಯಾಗಿದ್ದ ಮೆಲ್ಬರ್ನ್‌ಗೆ ಹೋಗಿ ಇಳಿದರು. ಯಾರಿಗೂ ಪೆಟ್ಟಾಗಲಿಲ್ಲ.

ಜಿಪಿಎಸ್ ಇತ್ತು. ಆದರೆ ಕೈಯಿಂದ ತುಂಬಿದ ತಪ್ಪು ಜಾಗವನ್ನು ತಡೆಯುವ ಹೊಸ ಆವೃತ್ತಿ ಆ ವಿಮಾನದಲ್ಲಿ ಅಳವಡಿಸಿರಲಿಲ್ಲ. ಒಂದು ಮಾತು ಸ್ಪಷ್ಟವಾಗಲಿ: ಇದು ಆಯಾಸದಿಂದಾದ ತಪ್ಪೆಂದು ನಾವು ಹೇಳುತ್ತಿಲ್ಲ. ಚೆನ್ನಾಗಿ ಮಲಗಿ ಬಂದವರ ಕೈಯಲ್ಲೂ ಇಂಥದ್ದು ಆಗುತ್ತದೆ. ಮಲಗಿದವರಿಗೆ ಅದನ್ನು ಹಿಡಿಯುವ ಅವಕಾಶ ಹೆಚ್ಚು, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ರನ್‌ವೇಯನ್ನೇ ತಪ್ಪುವುದು ಹೇಗೆ? ಅಷ್ಟು ದೊಡ್ಡ ಅಕ್ಷರದಲ್ಲಿ ನಂಬರ್ ಬರೆದಿರುತ್ತಾರಲ್ಲ! (ಕಲಬುರಗಿಯ ವಿದ್ಯಾರ್ಥಿನಿ)

ಉತ್ತರ: ಬರೆದಿರುತ್ತಾರೆ. ಆ ನಂಬರ್ ಸುಮ್ಮನೆ ಇಟ್ಟದ್ದೂ ಅಲ್ಲ, ದಿಕ್ಸೂಚಿಯ ಡಿಗ್ರಿಯನ್ನು ಹತ್ತಕ್ಕೆ ಸರಿಹೊಂದಿಸಿ ಕೊನೆಯ ಸೊನ್ನೆ ಬಿಟ್ಟದ್ದು. 227 ಡಿಗ್ರಿಯತ್ತ ಮುಖ ಮಾಡಿದ ರನ್‌ವೇಗೆ ಈ ಲೆಕ್ಕದಲ್ಲಿ ಅಂಕಿ 23. ಭೂಕಾಂತದ ದಿಕ್ಕು ವರ್ಷಗಳಲ್ಲಿ ಸರಿಯುವುದರಿಂದ ಹಳೆಯ ಅಂಕಿ ಕೆಲವು ಕಾಲ ಉಳಿದುಕೊಳ್ಳುವುದೂ ಉಂಟು.

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ 2006ರ ಆಗಸ್ಟ್ 27ರಂದು, ಇನ್ನೂ ಬೆಳಕು ಹರಿಯದ ಆರು ಗಂಟೆಯ ಹೊತ್ತಿಗೆ ಆದದ್ದು ಇದು. ಕೋಮೇರ್ 5191 ವಿಮಾನಕ್ಕೆ ಕೊಟ್ಟಿದ್ದು ರನ್‌ವೇ 22, ಉದ್ದ 7,003 ಅಡಿ. ಅವರು ತಿರುಗಿದ್ದು ರನ್‌ವೇ 26ಕ್ಕೆ, ಉದ್ದ 3,500 ಅಡಿ, ದೀಪಗಳೂ ಇಲ್ಲ. 22ಕ್ಕೆ ಹೋಗುವವರು 26ರ ತುದಿಯನ್ನು ದಾಟಿಕೊಂಡೇ ಹೋಗಬೇಕಿತ್ತು. ಕಾಮಗಾರಿಯಿಂದ ಟ್ಯಾಕ್ಸಿ ದಾರಿ ಬದಲಾಗಿತ್ತು, ಕೈಯಲ್ಲಿದ್ದ ನಕ್ಷೆ ಹಳೆಯದು. ಟ್ಯಾಕ್ಸಿ ಮಾಡುವಾಗ ಕೆಲಸಕ್ಕೆ ಸಂಬಂಧವಿಲ್ಲದ ಹರಟೆ ನಡೆದಿತ್ತು. ಓಟ ಶುರುವಾದ ಮೇಲೆ ಫಸ್ಟ್ ಆಫೀಸರ್ ದೀಪಗಳಿಲ್ಲದ್ದು ವಿಚಿತ್ರ ಎಂದರು, ಕ್ಯಾಪ್ಟನ್ ಹೂಂಗುಟ್ಟಿದರು. ಓಟ ನಿಲ್ಲಲಿಲ್ಲ. 50 ಮಂದಿಯಲ್ಲಿ 49 ಮಂದಿ ಸತ್ತರು. ಬದುಕಿದ್ದು ಫಸ್ಟ್ ಆಫೀಸರ್ ಒಬ್ಬರೇ.

ಪೈಲಟ್‌ಗಳ ಕಣ್ಣೆದುರಿನ ದಿಕ್ಸೂಚಿಯ ಗುರುತನ್ನು 227 ಡಿಗ್ರಿಗೆ ಅವರೇ ಇಟ್ಟಿದ್ದರು. ವಿಮಾನದ ಮೂತಿ ಇದ್ದದ್ದು 266ರ ಸುತ್ತ. ಗುರುತಿಗೂ ಮೂತಿಗೂ ನಲವತ್ತು ಡಿಗ್ರಿಯ ಅಂತರ, ಅಂಗೈಯಗಲ ದೂರದಲ್ಲಿ. ಒಂದು ನೋಟ ಸಾಕಿತ್ತು. ಟವರ್‌ನಲ್ಲಿ ಒಬ್ಬರೇ ಇದ್ದ ಕಂಟ್ರೋಲರ್ ಪಾಳಿಗೆ ಮೊದಲು ಸುಮಾರು ಎರಡು ಗಂಟೆ ಮಲಗಿದ್ದರು. ಟೇಕಾಫ್ ಅನುಮತಿ ಕೊಟ್ಟು ಬೇರೆ ಕಾಗದದ ಕೆಲಸಕ್ಕೆ ತಿರುಗಿದ್ದರು. ತನಿಖೆ ಮುಖ್ಯ ಕಾರಣವೆಂದು ಹೇಳಿದ್ದು ಪೈಲಟ್‌ಗಳು ಇದ್ದ ಸುಳಿವುಗಳನ್ನು ಬಳಸದಿದ್ದದ್ದನ್ನು. ಅವರ ಆಯಾಸವನ್ನು ಅದು ಕಾರಣದ ಪಟ್ಟಿಗೆ ಸೇರಿಸಲಿಲ್ಲ. ಆದರೂ ನಸುಕಿನ ಡ್ಯೂಟಿಯವರು ಓದಲೇಬೇಕಾದ ವರದಿ ಅದು.

2000ದ ಅಕ್ಟೋಬರ್ 31ರಂದು ತೈಪೆಯಲ್ಲಿ ಸಿಂಗಪುರ್ ಏರ್‌ಲೈನ್ಸ್‌ನ 747 ವಿಮಾನ ಚಂಡಮಾರುತದ ಮಳೆಯಲ್ಲಿ 05ಎಲ್ (ಎಲ್ ಅಂದರೆ ಎಡಗಡೆಯದು) ಬದಲು ಕಾಮಗಾರಿಗೆ ಮುಚ್ಚಿದ್ದ 05ಆರ್ ಮೇಲೆ ಓಡಿತು. 83 ಮಂದಿ ಸತ್ತರು. ಇಲ್ಲಿ ದಿಕ್ಸೂಚಿ ಕಾಯುತ್ತಿರಲಿಲ್ಲ. ಎರಡೂ ಸಮಾನಾಂತರ, ಡಿಗ್ರಿ ಒಂದೇ. ಬೆಂಗಳೂರಿನಲ್ಲೂ 2019ರ ಡಿಸೆಂಬರಿನಿಂದ 09ಎಲ್, 09ಆರ್ ಎಂದು ಎರಡಿವೆ. ಇಂಥ ಕಡೆ ರನ್‌ವೇ ಅಂಚಿನ ಕೆಂಪು ಫಲಕ ಓದುವುದು, ನಕ್ಷೆಯ ಪರದೆಯಲ್ಲಿ ವಿಮಾನದ ಚಿಹ್ನೆ ಆರಿಸಿದ ರನ್‌ವೇ ಗೆರೆಯ ಮೇಲೇ ಕೂತಿದೆಯೇ ಎಂದು ನೋಡುವುದು, ಎರಡೂ ಬೇಕು. ಕೆಲವು ವಿಮಾನಗಳಲ್ಲಿ ರನ್‌ವೇ ಏರುತ್ತಲೇ ಅದರ ನಂಬರನ್ನು ಯಂತ್ರವೇ ಉಸುರುತ್ತದೆ.

ಪ್ರಶ್ನೆ: ರಾತ್ರಿ ವಿಮಾನ ಮೂರು ಗಂಟೆ ತಡವಾಯಿತು. ಕೊನೆಗೆ ‘ಪೈಲಟ್ ಡ್ಯೂಟಿ ಅವಧಿ ಮುಗಿಯಿತು’ ಎಂದು ನಮ್ಮನ್ನು ಇಳಿಸಿದರು. ಇದು ನೆಪವಲ್ಲವೇ? (ಬೆಳಗಾವಿಯ ಓದುಗರು)

ಉತ್ತರ: ಅಲ್ಲ. ಡ್ಯೂಟಿಯ ಗಡಿಯಾರ ಶುರುವಾಗುವುದು ಪೈಲಟ್ ಹಾಜರಿ ಹಾಕಿದಾಗ, ವಿಮಾನ ಏರಿದಾಗಲ್ಲ. ನೀವು ಗೇಟಿನಲ್ಲಿ ಕಾದ ಮೂರು ಗಂಟೆ ಅವರ ಲೆಕ್ಕದಲ್ಲೂ ಕಳೆಯಿತು. ಅನಿರೀಕ್ಷಿತ ತಡಕ್ಕೆ ಕ್ಯಾಪ್ಟನ್ ಒಪ್ಪಿದರೆ ಅಲ್ಪ ವಿಸ್ತರಣೆ ಸಾಧ್ಯ, ಆದರೆ ‘ನನ್ನಿಂದಾಗದು’ ಎನ್ನುವ ಹಕ್ಕು ಅವರದೇ.

ನಮ್ಮ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಜನವರಿಯಲ್ಲಿ ಪ್ರಕಟಿಸಿದ ಪರಿಷ್ಕೃತ ನಿಯಮದಲ್ಲಿ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. ಅದರಲ್ಲಿ ಎರಡು ಪೂರ್ಣ ರಾತ್ರಿ ಇರಬೇಕು. ರಾತ್ರಿ ಎಂದರೆ 12ರಿಂದ 6, ಹಿಂದೆ 5ಕ್ಕೇ ಮುಗಿಯುತ್ತಿತ್ತು. ರಾತ್ರಿಯನ್ನು ಮುಟ್ಟುವ ಡ್ಯೂಟಿಗೆ ಮಿತಿ ಹೀಗೆ: ಹಾರಾಟ 8 ಗಂಟೆ, ಡ್ಯೂಟಿ 10 ಗಂಟೆ, ಲ್ಯಾಂಡಿಂಗ್ ಆರರ ಬದಲು ಎರಡು. ಜಾರಿ ಮುಂದೆ ಹೋಗುತ್ತ, ದೆಹಲಿ ಹೈಕೋರ್ಟಿನ ಮೆಟ್ಟಿಲೇರಿ, 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಕಂತಿನಲ್ಲಿ ಬಂತು. ಡಿಸೆಂಬರ್ ಮೊದಲ ವಾರ ಇಂಡಿಗೋದ ಹಾರಾಟಗಳು ಸಾಲುಸಾಲಾಗಿ ರದ್ದಾದದ್ದು, ರಾತ್ರಿ ನಿಯಮಗಳಿಗೆ ತಾತ್ಕಾಲಿಕ ವಿನಾಯಿತಿ ಸಿಕ್ಕಿದ್ದು ನಿಮಗೆ ನೆನಪಿರಬಹುದು. ನಿಯಮ ಬರುವುದು ಎರಡು ವರ್ಷ ಮೊದಲೇ ಗೊತ್ತಿತ್ತು. ಸಾಕಷ್ಟು ಪೈಲಟ್‌ಗಳನ್ನು ಮೊದಲೇ ಸಿದ್ಧಮಾಡಿಕೊಂಡಿದ್ದರೆ ಪ್ರಯಾಣಿಕರು ನೆಲದ ಮೇಲೆ ಮಲಗಬೇಕಾಗಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಕಾಕ್‌ಪಿಟ್ಟಿನಲ್ಲಿ ಪೈಲಟ್ ಮಲಗಬಹುದೇ? (ಮಂಗಳೂರಿನ ಇಬ್ಬರು ಓದುಗರು)

ಉತ್ತರ: ಅನುಮತಿ ಇರುವ ಕಡೆ ಒಬ್ಬರು, ಸಮತಲ ಹಾರಾಟದಲ್ಲಿ, ಇನ್ನೊಬ್ಬರಿಗೆ ಹೇಳಿ, ಸುಮಾರು 40 ನಿಮಿಷದ ಒಳಗೆ. ನಾಸಾ ಅಧ್ಯಯನದಲ್ಲಿ ಹೀಗೆ ಸಿಕ್ಕ ಸರಾಸರಿ ನಿದ್ದೆ 26 ನಿಮಿಷ, ಅದರಿಂದ ಎಚ್ಚರ ಸುಧಾರಿಸಿತ್ತು. ಎದ್ದ ಮೇಲೆ ಕನಿಷ್ಠ ಕಾಲು ಗಂಟೆ ಮಂಪರು ಹರಿಯಲು ಬಿಡಬೇಕು. ಮೀರಿದರೆ ಏನಾಗುತ್ತದೆ ಎಂಬುದನ್ನು ಮಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನದ ಕ್ಯಾಪ್ಟನ್ ಎರಡು ಗಂಟೆ ಐದು ನಿಮಿಷದ ಧ್ವನಿ ದಾಖಲೆಯಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ದೆಯಲ್ಲಿದ್ದರು. ಗೊರಕೆ ಅದರಲ್ಲಿದೆ. ಎದ್ದವರು ಅತಿ ಎತ್ತರದಿಂದ ಇಳಿಸಿದರು, ಫಸ್ಟ್ ಆಫೀಸರ್ ಮೇಲೇರೋಣ ಎಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 158 ಮಂದಿ ಸತ್ತರು.

2024ರ ಜನವರಿ 25ರಂದು ಇಂಡೊನೇಷ್ಯಾದ ಬಾಟಿಕ್ ಏರ್ ವಿಮಾನದಲ್ಲಿ ಇಬ್ಬರೂ 28 ನಿಮಿಷ ಮಲಗಿದ್ದರು. ವಿಮಾನ ದಾರಿ ಬಿಟ್ಟಿತ್ತು. ಫಸ್ಟ್ ಆಫೀಸರ್ ಮನೆಯಲ್ಲಿ ಆಗಷ್ಟೇ ಹುಟ್ಟಿದ ಅವಳಿ ಮಕ್ಕಳಿದ್ದವು. ರೋಸ್ಟರ್‌ನಲ್ಲಿ ವಿಶ್ರಾಂತಿ ಎಂದಿರುವ ಹೊತ್ತೆಲ್ಲ ನಿದ್ದೆಯಲ್ಲ.

ಪ್ರಶ್ನೆ: ನಾನು ಜಕ್ಕೂರಿನಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಮುಂದೆ ಏರ್‌ಲೈನ್ ಸೇರಿದಾಗ ಉಪಯೋಗವಾಗುವಂತೆ ಈಗಲೇ ರೂಢಿಸಿಕೊಳ್ಳುವುದು ಏನಾದರೂ ಇದೆಯೇ, ಸರ್?

ಉತ್ತರ: ಇದೆ. ಎಚ್ಚರದ ಗಂಟೆಗಳನ್ನು ಲೆಕ್ಕ ಹಾಕುವಾಗ ಹೊರಡುವ ಹೊತ್ತಿಗಲ್ಲ, ಕೊನೆಯ ಲ್ಯಾಂಡಿಂಗ್ ಹೊತ್ತಿಗೆ ಎಷ್ಟಾಗುತ್ತದೆ ನೋಡಿಕೊಳ್ಳಿ. 16 ದಾಟುವಂತಿದ್ದರೆ ಮಧ್ಯಾಹ್ನವೇ ಮಲಗಿ, 20 ನಿಮಿಷ ಇಲ್ಲವೇ 90 ನಿಮಿಷ. ಮುಕ್ಕಾಲು ಗಂಟೆಯ ನಿದ್ದೆ ಗಾಢ ನಿದ್ದೆಯ ನಡುವೆ ಎಬ್ಬಿಸಿ ತಲೆ ಭಾರ ಮಾಡುತ್ತದೆ. ಕಾಫಿಯ ಅರ್ಧ ಸತ್ವ ದೇಹದಲ್ಲಿ ಐದಾರು ಗಂಟೆ ಉಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗಬೇಕಾದವರು ಮೂರರ ನಂತರ ಮುಟ್ಟಬೇಡಿ.

ಕಾಕ್‌ಪಿಟ್ಟಿನ ಅಭ್ಯಾಸಕ್ಕೆ ಬಂದರೆ, ತಾಳೆ ನೋಡುವುದು ಯಾವಾಗಲೂ ನಕ್ಷೆಯಿಂದ ಕೀಲಿಗಳ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ನಕ್ಷೆಗಲ್ಲ. ಒಬ್ಬರು ನಕ್ಷೆ ನೋಡಿ ‘ಮೊದಲ ಬಿಂದು, ಇಷ್ಟು ಡಿಗ್ರಿ, ಇಷ್ಟು ಮೈಲಿ, ಇಷ್ಟು ಎತ್ತರ’ ಎಂದು ಓದಬೇಕು, ಇನ್ನೊಬ್ಬರು ಪರದೆಯ ಸಾಲಿನ ಮೇಲೆ ಬೆರಳಿಟ್ಟು ಅಲ್ಲಿ ಇರುವುದನ್ನು ಹೇಳಬೇಕು. ‘ಸರಿ’ ಎನ್ನುವ ಉತ್ತರ ಲೆಕ್ಕಕ್ಕಿಲ್ಲ, ಅಂಕಿಯನ್ನೇ ಉಚ್ಚರಿಸಿ. ಆಮೇಲೆ ನಕ್ಷೆಯ ಪರದೆಯಲ್ಲಿ ದಾರಿಯ ಮೇಲೆ ಬಿಂದುವಿನಿಂದ ಬಿಂದುವಿಗೆ ಸರಿದು, ಒಟ್ಟು ದೂರ ಕಾಗದದ ಯೋಜನೆಯ ದೂರಕ್ಕೆ ಹತ್ತಿರವಿದೆಯೇ ನೋಡಿ. ರನ್‌ವೇ ಮೇಲೆ ನಿಂತಾಗ ಫಲಕ, ದಿಕ್ಸೂಚಿ, ಕಂಪ್ಯೂಟರ್ ಮೂರೂ ಒಂದೇ ಮಾತು ಹೇಳಬೇಕು. ಏರ್‌ಬಸ್‌ನಲ್ಲಾದರೆ ವಿಮಾನ ಕಂಪ್ಯೂಟರಿನ ದಾರಿಯನ್ನು ಹಿಡಿದಿದೆ ಎಂದು ತೋರಿಸುವ ‘ನ್ಯಾವ್’ ಎಂಬ ಪುಟ್ಟ ಪದ ನೆಲದ ಮೇಲೆ ನೀಲಿಯಾಗಿ ಕಾಯುತ್ತಿರುತ್ತದೆ, 30 ಅಡಿ ಏರಿದಾಗ ಹಸಿರಾಗಬೇಕು. ಆಗಲಿಲ್ಲವೆಂದರೆ ಕಾರಣ ಹುಡುಕುತ್ತ ಕೂರದೆ ದಿಕ್ಕನ್ನು ಕೈಗೆ ತೆಗೆದುಕೊಂಡು ಕಂಟ್ರೋಲರ್‌ಗೆ ಹೇಳಿ. ಕಾರಣವನ್ನು ಮೇಲೆ ಹೋಗಿ ಹುಡುಕಬಹುದು.